ನಿರೂಪಕ ಕೇರಿಗೆ ಬಂದದ್ದು

ದಲಿತ ಲೇಖಕ ತನ್ನ ಹಿಂದಿನ ಬರಹವನ್ನು ತಾನೇ ವಿಮರ್ಶಿಸಿಕೊಳ್ಳಬೇಕು ಎಂಬ ಮಾತನ್ನು ನಾವು ಎಚ್ಚರದಿಂದ ಕೇಳಿಸಿಕೊಳ್ಳಬೇಕಾಗಿದೆ. ಯಾಕೆಂದರೆ ಈ ಮಾತನ್ನು ಆಡುವವರು ಎರಡು ಥರದವರು. ಒಬ್ಬರು, 'ಘೋಷಣೆ ಸಾಕು, ಇನ್ನು ಕಲೆಯ ಕಡೆ ಬನ್ನಿ' ಅನ್ನುತ್ತಾರೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಂದಿನಿಂದ ಈ ಉಪದೇಶ ನಡೆದೇ ಇದೆ. ಇನ್ನೊಬ್ಬರು ಕೇರಿಯವರು. 'ನೀ ಬರೆದದ್ದರಲ್ಲಿ ನಾವೆಲ್ಲಿದ್ದೇವೆ?' ಎಂಬುದು ಅವರ ಪ್ರಶ್ನೆ. ಯಾರ ಮಾತಿಗೆ ಕಿವಿಗೊಟ್ಟು ತಿದ್ದಿಕೊಳ್ಳುತ್ತೇವೆ ಎಂಬುದರ ಮೇಲೆ ಆತ್ಮವಿಮರ್ಶೆಯ ಬೆಲೆ ನಿಂತಿದೆ.

ಇದಕ್ಕೆ ದೇವನೂರ ಮಹಾದೇವರ ಬರವಣಿಗೆಯೇ ನಿದರ್ಶನ. ತಮ್ಮ ಕಥೆಗಳ ಬಗ್ಗೆ ಅವರು ಏನು ಹೇಳಿದರು ಅನ್ನುವುದಕ್ಕಿಂತ, ಒಂದು ಪುಸ್ತಕದಿಂದ ಮತ್ತೊಂದಕ್ಕೆ ಬರುವಾಗ ಏನನ್ನು ಬಿಟ್ಟರು ಎಂಬುದು ನನಗೆ ಮುಖ್ಯ. 'ದ್ಯಾವನೂರು' (1973) ಕಥೆಗಳಲ್ಲಿ ಪಾತ್ರಗಳು ನಂಜನಗೂಡು ಸೀಮೆಯ ಮಾತಾಡುತ್ತವೆ. ಕಥೆ ಹೇಳುವವನು ಮಾತ್ರ ಬಹುಮಟ್ಟಿಗೆ ಪುಸ್ತಕದ ಕನ್ನಡದಲ್ಲೇ ಇದ್ದಾನೆ. ಅಮಾಸನ ಮೇಲೆ ಅವನಿಗೆ ಅಪಾರ ಪ್ರೀತಿ, ಆದರೂ ನಡುವೆ ಒಂದು ಬೇಲಿ ಉಂಟು. 'ಒಡಲಾಳ'ದಲ್ಲಿ ಆ ಬೇಲಿ ಸಡಿಲವಾಗುತ್ತದೆ. ಸಾಕವ್ವನ ಮನೆಮಂದಿ ರಾತ್ರಿಯಿಡೀ ಕಡಲೆಕಾಯಿ ತಿನ್ನುವಾಗ ನಮಗೆ ಕಾಣುವುದು ಬರೀ ಹಸಿವಲ್ಲ, ಆ ಮನೆಯ ಸಂಭ್ರಮ. 'ಕುಸುಮಬಾಲೆ'ಯಲ್ಲಿ ಬೇಲಿಯೇ ಇಲ್ಲ. ನಿರೂಪಕನೂ ಕೇರಿಯ ನಾಲಿಗೆಯಲ್ಲೇ ಕಥೆ ಹೇಳುತ್ತಾನೆ, ದೀಪದ ಜೋತಮ್ಮಗಳೂ ಮಾತಾಡುತ್ತವೆ. ಹೀಗೆ ಪ್ರತಿಯೊಂದು ಪುಸ್ತಕವೂ ಅದರ ಹಿಂದಿನದಕ್ಕೆ ವಿಮರ್ಶೆಯಾಗಿದೆ.

'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಲು ಕಷ್ಟ ಎಂಬ ದೂರೂ ಜೊತೆಗೇ ಬಂತು. ದೂರನ್ನು ತಳ್ಳಿಹಾಕುವಂತಿಲ್ಲ. ಶಾಲೆಯ ಕನ್ನಡದಲ್ಲಿ ಅಕ್ಷರ ಕಲಿತ ಕೇರಿಯ ಹುಡುಗನಿಗೂ ಅದು ಕಷ್ಟವೇ. ಆದರೆ ಅದನ್ನೇ ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ತೊಡಕಾದದ್ದು ಕಿವಿಗೆ ಸಲೀಸಾಗುತ್ತದೆ.

ಅಂಬೇಡ್ಕರರದ್ದೂ ಇದೇ ದಾರಿ. 1936ರ 'ಜಾತಿ ವಿನಾಶ'ದ ಎರಡನೇ ಮುದ್ರಣಕ್ಕೆ ಗಾಂಧಿಯ ಟೀಕೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. 1944ರ ಮುದ್ರಣದ ಮುನ್ನುಡಿಯಲ್ಲಿ, ಜಾತಿಯ ಹುಟ್ಟಿನ ಬಗ್ಗೆ ತಾವು ಹಿಂದೆ ಬರೆದಿದ್ದ ಪ್ರಬಂಧವನ್ನೂ ಇದರೊಳಗೆ ಸೇರಿಸಿ ಹೊಸದಾಗಿ ಬರೆಯಬೇಕೆಂದಿದ್ದೆ, ಪುರುಸೊತ್ತಾಗಲಿಲ್ಲ ಎಂದರು. ಅಷ್ಟು ದೊಡ್ಡ ಪುಸ್ತಕವೂ ಅದನ್ನು ಬರೆದವರ ಪಾಲಿಗೆ ಮುಗಿದಿರಲಿಲ್ಲ.

ಧಾರೇಶ್ವರದಲ್ಲಿ ಕೂತು ಇದನ್ನೆಲ್ಲ ಯೋಚಿಸುವ ನನಗೆ ನಮ್ಮ ಕರಾವಳಿಯ ಹುಡುಗ ಹುಡುಗಿಯರ ಪದ್ಯಗಳು ಚಿಂತೆ ಹಚ್ಚುತ್ತವೆ. ಕುಮಟಾ, ಹೊನ್ನಾವರದ ಕಡೆ ಕೇರಿ ಅಂದರೆ ಮುಕ್ರಿಯವರು, ಆಗೇರರು, ಹಳ್ಳೇರರು. ಸಾಣಿಕಟ್ಟಾದಲ್ಲಿ ಬಿಸಿಲಿಗೆ ಮೈಯೊಡ್ಡಿ ಉಪ್ಪು ತೆಗೆದವರು ಆಗೇರರು. ಅವರ ಹೆಸರಿನಲ್ಲೇ ಉಪ್ಪಿನ ಆಗರವಿದೆ. ನಮ್ಮ ಪದ್ಯಗಳಲ್ಲಿ ಮಾತ್ರ ಈ ಉಪ್ಪಿಲ್ಲ. ಸಿಟ್ಟು ನಮ್ಮದೇ, ಆದರೆ ಮಾತು ಮೈಸೂರು, ಬೆಂಗಳೂರಿನಿಂದ ಕಡ ತಂದದ್ದು.

ಘೋಷಣೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಮೆರವಣಿಗೆಗೆ ಅದು ಬೇಕೇ ಬೇಕು. ನನ್ನ ಸೂಚನೆ ಇಷ್ಟೇ: ಹೋದ ವರ್ಷದ ಪದ್ಯವನ್ನು ತೆಗೆದುಕೊಂಡು, ಯಾವ ಊರಲ್ಲಿ ಯಾರು ಬೇಕಾದರೂ ಬರೆಯಬಹುದಾಗಿದ್ದ ಸಾಲುಗಳಿಗೆ ಗುರುತು ಹಾಕಿ. ಆಮೇಲೆ ಸೆಮಿನಾರಿಗೆ ಒಯ್ಯುವ ಮುಂಚೆ ಕೇರಿಯಲ್ಲಿ ಗಟ್ಟಿಯಾಗಿ ಓದಿ. ಯಾರಾದರೂ ನಡುವೆ ಬಾಯಿ ಹಾಕಿ 'ಹಾಗಲ್ಲ ಅದು' ಅಂದರೆ, ಅಲ್ಲಿಂದಲೇ ಮುಂದಿನ ಪದ್ಯ ಶುರು ಮಾಡಿ.