ಸೊಲ್ಲು ಕೊಟ್ಟಾಗ್ಲೂ ಅಷ್ಟೇ ಸದ್ದು

ಹರದನಹಳ್ಳಿಯಲ್ಲಿ ಅತ್ತೆ ಹೇಳಿದ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡ್ಕೊಂಡು ಬಂದೆ. ಬೆಂಗಳೂರಿನ ರೂಮಿನಲ್ಲಿ ಕೂತು ಮಿಕ್ಸ್ ಮಾಡಿ ವಾಟ್ಸಾಪಲ್ಲಿ ಕಳಿಸಿದೆ. ಅತ್ತೆ ಫೋನ್ ಮಾಡಿದರು: "ನಾನೊಬ್ಳೇ ಪದ ಎತ್ಕೊಂಡಾಗ್ಲೂ ಅಷ್ಟೇ ಸದ್ದು, ಎಲ್ರೂ ಸೊಲ್ಲು ಕೊಟ್ಟಾಗ್ಲೂ ಅಷ್ಟೇ ಸದ್ದು. ಇದೆಂಥ ಪದ ಕಣ್ಲಾ?"

ಕಂಪ್ರೆಸರ್ ಬಗ್ಗೆ ನಾನು ಓದಿದ ಯಾವ ರಿವ್ಯೂನಲ್ಲೂ ಇಷ್ಟು ನೇರವಾದ ವಿಮರ್ಶೆ ಸಿಕ್ಕಿರಲಿಲ್ಲ.

ಲೆಕ್ಕ ಸರಳ. ಅತ್ತೆಯ ದನಿ ಮೈನಸ್ 20 ಡಿಬಿ, ಸೊಲ್ಲು ಮೈನಸ್ 12 ಅಂತಿಟ್ಕೊಳ್ಳಿ. ಥ್ರೆಶೋಲ್ಡ್ ಮೈನಸ್ 20ಕ್ಕೆ, ರೇಶಿಯೋ 4:1ಕ್ಕೆ ಇಟ್ಟರೆ ನಡುವಿನ 8 ಡಿಬಿ ಅಂತರ 2ಕ್ಕೆ ಇಳಿಯುತ್ತದೆ. ಕಳೆದ ಸದ್ದನ್ನು ತುಂಬಲು 6 ಡಿಬಿ ಗೇನ್ ಕೊಟ್ಟರೆ ಹಿತ್ತಿಲ ಕೋಳಿಯೂ 6 ಡಿಬಿ ಮೇಲೇಳುತ್ತದೆ. ಒಬ್ಬರು ಎತ್ತಿಕೊಂಡು ಹತ್ತು ಜನ ಹಿಡಿಯುವುದೇ ಸೋಬಾನೆಯ ಚೆಲುವು. ನಾನು ಅಳಿಸಿದ್ದು ಅದನ್ನೇ.

ಹಾಗಂತ ಕಂಪ್ರೆಸರ್ ಕೆಟ್ಟದ್ದಲ್ಲ. 1960ರ ದಶಕದ ಎಲ್‌ಎ-2ಎ ಬೆಳಕಿನ ಮೂಲಕ ಕೆಲಸ ಮಾಡುತ್ತದೆ. ನಿಧಾನವಾಗಿ ಹಿಡಿದು ನಿಧಾನವಾಗಿ ಬಿಡುವುದರಿಂದ ಕೊರಳಿಗೆ ಒಗ್ಗುತ್ತದೆ. 1967ರ 1176 ಮಿಂಚಿನಂಥದ್ದು, ಸೆಕೆಂಡಿನ ಐವತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಹಿಡಿಯಬಲ್ಲದು. ರಾಕ್ ಗಾಯನಕ್ಕೆ, ಡ್ರಮ್ಸಿಗೆ ಸೈ. ಎರಡರ ನಕಲೂ ಈಗ ಪ್ಲಗಿನ್ ಆಗಿ ಸಿಗ್ತವೆ. ಆದರೆ ಮನೆ ರೆಕಾರ್ಡಿಂಗಿಗೆ ರೀಪರ್ ಜೊತೆಗೇ ಬರುವ ರಿಯಾಕಾಂಪ್ ಸಾಕು. 2:1 ರೇಶಿಯೋ, 20-30 ಮಿಲಿಸೆಕೆಂಡ್ ಅಟ್ಯಾಕ್. ಮೀಟರಿನಲ್ಲಿ 3 ಡಿಬಿಗಿಂತ ಹೆಚ್ಚು ಇಳಿದರೆ ಕೈ ತೆಗೀರಿ. ಅದಕ್ಕೂ ಮೊದಲು ಪದ ಎತ್ತುವವರನ್ನು ಮೈಕಿನ ಹತ್ತಿರ, ಸೊಲ್ಲಿನವರನ್ನು ಎರಡು ಹೆಜ್ಜೆ ಹಿಂದೆ ಕೂರಿಸಿ. ರಿವರ್ಬ್ ಬೇಡ, ತೊಟ್ಟಿಯೇ ಅದನ್ನು ಕೊಟ್ಟಿರುತ್ತದೆ.

ಸದ್ದು ಕಮ್ಮಿ ಆಗುತ್ತೆ ಅನ್ನೋ ಭಯವೂ ಬೇಡ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿಗೆ ತಂದೇ ನುಡಿಸುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದ ಹಾಡನ್ನು ಅದು ತಗ್ಗಿಸುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

ಮತ್ತೆ ಮಿಕ್ಸ್ ಮಾಡಿ ಕಳಿಸಿದೆ. ಈ ಸಲ ಅತ್ತೆ ಮೆಚ್ಚಲೂ ಇಲ್ಲ, ತೆಗಳಲೂ ಇಲ್ಲ. ಸೊಲ್ಲಿನಲ್ಲಿ ಯಾವ ದನಿ ಯಾರದು ಅಂತ ಒಬ್ಬೊಬ್ಬರನ್ನೇ ಗುರುತು ಹಿಡಿದು ಹೇಳ್ತಾ ಹೋದರು.