‘ಸೀರೀಸ್’ ಮತ್ತು ‘ಸೀಸನ್’: ಸಮಾನಾರ್ಥಕತೆಯ ನಿಲುವಿಗೊಂದು ವಿಮರ್ಶೆ

ಟಿವಿ ಕಾರ್ಯಕ್ರಮಗಳ ಮಟ್ಟಿಗೆ ಬ್ರಿಟಿಷ್ ಇಂಗ್ಲಿಷಿನ ‘ಸೀರೀಸ್’ ಮತ್ತು ಅಮೆರಿಕನ್ ಇಂಗ್ಲಿಷಿನ ‘ಸೀಸನ್’ ಒಂದೇ ಅರ್ಥದ ಪ್ರಾದೇಶಿಕ ಪರ್ಯಾಯಗಳೆಂಬ ವಿವರಣೆ ರೂಢಿಯಲ್ಲಿದೆ. ಇದು ಅಪೂರ್ಣವೆಂಬುದು ನಮ್ಮ ವಾದ.

ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ 1975 ಮತ್ತು 1979ರಲ್ಲಿ, ತಲಾ 6 ಕಂತುಗಳ ಎರಡು ‘ಸೀರೀಸ್’ಗಳಾಗಿ ಪ್ರಸಾರವಾಯಿತು. ಅಮೆರಿಕನ್ ಬಳಕೆಯಲ್ಲಿ ಇಡೀ ಕಾರ್ಯಕ್ರಮವೇ ‘ಸೀರೀಸ್’, ಅದರ ಒಂದು ಭಾಗ ‘ಸೀಸನ್’. ಹೀಗಾಗಿ ‘ಎರಡು ಸೀರೀಸ್’ ಎಂಬುದು ಅಲ್ಲಿನ ಓದುಗರಿಗೆ ಎರಡು ಬೇರೆ ಕಾರ್ಯಕ್ರಮಗಳೆಂದು ತೋರಬಹುದು. ಬ್ರಿಟಿಷ್ ಬಳಕೆಯಲ್ಲಾದರೋ ಇಡಿಗೂ ಬಿಡಿಗೂ ಒಂದೇ ಪದ ಸಲ್ಲುತ್ತದೆ. ‘ಸೀರೀಸಿನ ಕೊನೆಯ ಕಂತು’ ಎಂದಾಗ ಮುಗಿದದ್ದು ಭಾಗವೋ ಕಾರ್ಯಕ್ರಮವೋ ಎಂಬುದನ್ನು ಸಂದರ್ಭವೇ ತಿಳಿಸಬೇಕು. ಅಮೆರಿಕನ್ನರ ‘ಸೀಸನ್ ಫಿನಾಲೆ’, ‘ಸೀರೀಸ್ ಫಿನಾಲೆ’ಗಳಲ್ಲಿ ಈ ಭೇದ ಪದದಲ್ಲಿಯೇ ಇದೆ. ಪದದ ಮೌಲ್ಯವನ್ನು ನಿರ್ಣಯಿಸುವುದು ನೆರೆಯ ಪದಗಳೊಡನೆ ಅದಕ್ಕಿರುವ ವ್ಯತ್ಯಾಸ ಎಂಬ ಸಸ್ಯೂರ್‌ನ ಪ್ರತಿಪಾದನೆ ಇಲ್ಲಿ ಅನ್ವಯಿಸುತ್ತದೆ: ಎರಡು ಪದಗಳೂ ಒಂದೇ ವಸ್ತುವನ್ನು ನಿರ್ದೇಶಿಸಬಲ್ಲವು, ಆದರೆ ಅವುಗಳ ಮೌಲ್ಯ ಒಂದೇ ಅಲ್ಲ.

ಈಚೆಗೆ ಬ್ರಿಟಿಷರೂ ‘ಸೀಸನ್’ ಬಳಸುತ್ತಾರೆಂಬ ಆಕ್ಷೇಪ ಬರಬಹುದು. ಆ ಬಳಕೆ ನೆಲೆಗೊಂಡಷ್ಟೂ ‘ಸೀರೀಸ್’ ಪದಕ್ಕೆ ಬಿಡಿಯ ಅರ್ಥದ ಅಗತ್ಯ ಕಡಿಮೆಯಾಗುತ್ತದೆ. ಆದ್ದರಿಂದ ಈ ಆಕ್ಷೇಪ ನಮ್ಮ ವಾದವನ್ನು ಬಲಪಡಿಸುತ್ತದೆಯೇ ಹೊರತು ಅಲ್ಲಗಳೆಯುವುದಿಲ್ಲ.

‘ಸೀಸನ್’ ಪದದ ಒಳಗೂ ಪಲ್ಲಟ ನಡೆದಿದೆ. ಅಮೆರಿಕದ ವಾಹಿನಿಗಳಲ್ಲಿ ಅದು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಮೇವರೆಗಿನ ಪ್ರಸಾರಾವಧಿಗೆ ಬದ್ಧವಾಗಿತ್ತು. 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ ಮೊದಲ ಸೀಸನ್ನಿನ 13 ಕಂತುಗಳನ್ನೂ ಒಮ್ಮೆಗೇ ಬಿಡುಗಡೆ ಮಾಡಿತು. ಇಲ್ಲಿ ಅವಧಿಯಿಲ್ಲ, ಎಣಿಕೆ ಮಾತ್ರ ಇದೆ. ಕಾಲವಾಚಿ ಪದ ಘಟಕವಾಚಿಯಾಗಿದೆ.

ಕನ್ನಡದಲ್ಲಿ ಈ ಎರಡು ಅರ್ಥಗಳೂ ಜೊತೆಯಾಗಿ ಬಾಳುತ್ತಿವೆ: ‘ಮಾವಿನ ಸೀಸನ್’ ಕಾಲವನ್ನು ಸೂಚಿಸಿದರೆ, ‘ಬಿಗ್ ಬಾಸ್ ಕನ್ನಡ’ದ ‘ಸೀಸನ್’ ಘಟಕವನ್ನು ಸೂಚಿಸುತ್ತದೆ. ಎರಡನೆಯದನ್ನು ‘ಋತು’ ಎಂದು ಯಾರೂ ಹೇಳರು. ದಿನವೂ ಪ್ರಸಾರವಾಗುವ ಧಾರಾವಾಹಿಯನ್ನು ಸಾಮಾನ್ಯವಾಗಿ ಸಂಚಿಕೆಗಳಲ್ಲಿಯೇ ಎಣಿಸುವುದರಿಂದ ಅಲ್ಲಿ ಈ ಮಧ್ಯದ ಘಟಕಕ್ಕೆ ಎಡೆಯೇ ಇಲ್ಲ.

ಆದ್ದರಿಂದ ದ್ವಿಭಾಷಾ ನಿಘಂಟುಗಳಲ್ಲಿ ‘ಸೀರೀಸ್’ಗೆ ‘ಸರಣಿ’ ಎಂಬ ಒಂದೇ ಅರ್ಥ ಕೊಟ್ಟರೆ ಸಾಲದು. ಇಡಿ, ಬಿಡಿ ಎಂಬ ಎರಡು ಅರ್ಥಗಳನ್ನೂ ಅವು ಸಲ್ಲುವ ಭಾಷಾಪ್ರಭೇದಗಳನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು. ಇಲ್ಲವಾದರೆ ಪದ ಸರಿಯಾಗಿದ್ದೂ ಅನುವಾದಕರ ಎಣಿಕೆ ತಪ್ಪುತ್ತದೆ.