ಕಾಮಗೆರೆಯ ದಾರಿಗೆ ಹಿಂದಿನ ಶಾಕ್ ಬೇಕೆ?

ಮುಂದೆ ಫೋರ್ಕ್, ಹಿಂದೆ ಶಾಕ್, ಗಾಲಿ ಮೇಲೆ ಕೆಳಗೆ ಆಡಲು ಎರಡೂ ಕಡೆ 120 ಮಿ.ಮೀ. ಟ್ರಾವೆಲ್, 29 ಇಂಚಿನ ಗಾಲಿ. ಇಂಥ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕನ್ನು ಕಾಮಗೆರೆ ಸುತ್ತಿನ ಗಾಡಿದಾರಿಗಳಲ್ಲೂ ಗುಂಡಾಲ್ ಜಲಾಶಯದ ಕಡೆಯ ಮಣ್ಣುದಾರಿಗಳಲ್ಲೂ ಓಡಿಸಿ ನೋಡಿದ್ದೇನೆ. ಹಿಂದಿನ ಶಾಕ್ ತನ್ನ ತೂಕಕ್ಕೂ ಬೆಲೆಗೂ ತಕ್ಕ ಕೆಲಸ ಮಾಡುತ್ತದೆಯೇ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಕೆಲಸವನ್ನಂತೂ ಮಾಡುತ್ತದೆ. ಟ್ರ್ಯಾಕ್ಟರ್ ಚಕ್ರ ಕೊರೆದ ಹಳ್ಳ, ಅದರ ನಡುವೆ ಎದ್ದ ಕಲ್ಲು: ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲ್‌ನಲ್ಲಿ ಇಂಥ ಕಡೆ ಹಿಂಗಾಲಿ ಪುಟಿಯುತ್ತದೆ, ತುಳಿತ ತಪ್ಪುತ್ತದೆ. ಇದರಲ್ಲಿ ಗಾಲಿ ಮಾತ್ರ ಮೇಲೆದ್ದು ಇಳಿಯುತ್ತದೆ, ಸವಾರ ಕೂತಲ್ಲೇ ಇರುತ್ತಾನೆ. ಸಡಿಲ ಜಲ್ಲಿಯ ಏರಿನಲ್ಲೂ ಟೈರು ನೆಲ ಬಿಡುವುದಿಲ್ಲ. ಆದರೆ ಈ ಸುಖ ಶಾಕಿನೊಳಗೆ ತುಂಬಿದ ಗಾಳಿಯ ಲೆಕ್ಕ ಸರಿಯಿದ್ದರೆ ಮಾತ್ರ. ಸವಾರ ಕೂತಾಗ ಶಾಕ್ ತನ್ನ ಸ್ಟ್ರೋಕಿನ, ಅಂದರೆ ತಾನು ಕುಗ್ಗಬಲ್ಲ ಒಟ್ಟು ದೂರದ, ಶೇ. 30ರಷ್ಟು ಕುಗ್ಗಬೇಕು, 45 ಮಿ.ಮೀ. ಸ್ಟ್ರೋಕಿಗೆ ಇದು ಹದಿಮೂರು ಮಿ.ಮೀ. ಚಿಲ್ಲರೆ. ಗಾಳಿ ಹೆಚ್ಚಾದರೆ ಶಾಕ್ ಇದ್ದೂ ಇಲ್ಲದಂತೆ. ಕಡಿಮೆಯಾದರೆ ಪ್ರತಿ ತುಳಿತಕ್ಕೂ ಸೈಕಲ್ಲು ಕುಸಿದು ಕಾಲಿನ ಬಲ ಪೋಲಾಗುತ್ತದೆ. ಹನೂರಿನತ್ತ ಡಾಂಬರು ರಸ್ತೆ ಹಿಡಿದಾಗ ಶಾಕ್ ಆಡದಂತೆ ಲಾಕ್ ಹಾಕಿಕೊಳ್ಳಲೇಬೇಕು.

ಉಳಿದ ಭಾಗಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಮಲೆ ಮಹದೇಶ್ವರ ಬೆಟ್ಟದಿಂದ ತಾಳಬೆಟ್ಟಕ್ಕೆ ಇಳಿಯುವ ತಿರುವುಗಳಲ್ಲಿ ಒಂದೇ ಬೆರಳಿಗೆ ಹಿಡಿತ ಸಿಗುತ್ತದೆ; ಒಂದೇ ಸಮ ಒತ್ತದೆ ಬಿಟ್ಟುಬಿಟ್ಟು ಹಿಡಿದರೆ ಡಿಸ್ಕ್ ಅತಿಯಾಗಿ ಕಾಯುವುದಿಲ್ಲ. ಹಿಂದಿನ 10–51 ಹಲ್ಲಿನ ಹನ್ನೆರಡು ಗೇರು ಏರಿಗೆ ಧಾರಾಳ ಸಾಕು. ಟ್ಯೂಬ್‌ಲೆಸ್ ಟೈರಿನ ಬೆಲೆ ತಿಳಿಯುವುದು ಜಾಲಿ ಮುಳ್ಳಿನ ಬೇಲಿಯ ಪಕ್ಕ. ಸಣ್ಣ ತೂತುಗಳನ್ನು ಒಳಗಿನ ದ್ರವವೇ ಮುಚ್ಚುತ್ತದೆ. ಸೀಟು ತಗ್ಗಿಸುವ ಡ್ರಾಪರ್ ಪೋಸ್ಟಿಗೆ ಮಾತ್ರ ಇಲ್ಲಿ ಕೆಲಸ ಕಡಿಮೆ.

ಏಕೆಂದರೆ ಈ ಸೈಕಲ್ಲು ಹುಟ್ಟಿರುವುದೇ ಉದ್ದನೆಯ, ಒರಟಾದ ಕಾಡಿನ ಇಳಿಜಾರಿಗೆ. ನಮ್ಮ ಸುತ್ತ ಅಂಥ ಇಳಿಜಾರು ಇರುವುದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಲ್ಲಿ, 2013ರಲ್ಲಿ ವನ್ಯಜೀವಿ ಧಾಮವಾದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಆನೆ ಓಡಾಡುವ ಆ ಕಾಡುದಾರಿಗಳಿಗೆ ಅನುಮತಿಯಿಲ್ಲದೆ ಸೈಕಲ್ಲು ಇಳಿಸುವಂತಿಲ್ಲ, ಇಳಿಸಲೂಬಾರದು. ಸವಾರನ ಖುಷಿಗಿಂತ ಆ ಕಾಡಿನ ನೆಮ್ಮದಿ ದೊಡ್ಡದು. ಹಾಗಾಗಿ ನಮಗೆ ಉಳಿಯುವುದು ಗಾಡಿದಾರಿ, ಕೆರೆ ಏರಿ, ಜಲ್ಲಿ ರಸ್ತೆ. ಇವಕ್ಕೆ ಹಿಂದಿನ ಶಾಕ್ ಹಿತ, ಅಗತ್ಯವಲ್ಲ.

ನಿರ್ವಹಣೆಯ ಮಾತೂ ಇದೆ. ನುಣುಪು ಧೂಳು ಶಾಕಿನ ಸೀಲಿಗೂ ಕೀಲುಗಳ ಬೇರಿಂಗಿಗೂ ಶತ್ರು. ಸುಮಾರು 50 ಗಂಟೆ ಸವಾರಿಗೊಮ್ಮೆ ಸೀಲು ಬಿಚ್ಚಿ ಎಣ್ಣೆ ಹಾಕಬೇಕು. ಶಾಕಿನ ಒಳಗೆ ನೈಟ್ರೋಜನ್ ತುಂಬಬೇಕಾದ ದಿನ ಊರಿನ ಸೈಕಲ್ ಶಾಪಿನಿಂದ ಆಗದು, ಅದಕ್ಕೆಂದೇ ಉಪಕರಣ ಇಟ್ಟುಕೊಂಡವರನ್ನು ಹುಡುಕಿ ದೊಡ್ಡ ನಗರಕ್ಕೆ ಹೋಗಬೇಕು. ದುಡಿಮೆಗೂ ಸವಾರಿಗೂ ಒಂದೇ ಸೈಕಲ್ಲು ನೆಚ್ಚಿಕೊಂಡವರಿಗೆ ಇದು ಹೊರೆ.

ಆದ್ದರಿಂದ ಇಲ್ಲಿನವರು ಮೊದಲು ಟ್ಯೂಬ್‌ಲೆಸ್ ಟೈರಿಗೆ, ಆಮೇಲೆ ಬ್ರೇಕಿಗೆ, ನಂತರ ಒಳ್ಳೆಯ ಮುಂದಿನ ಫೋರ್ಕಿಗೆ ದುಡ್ಡು ಹಾಕಲಿ. ಈ ಮೂರೂ ಸರಿಯಿರುವ ಹಾರ್ಡ್‌ಟೇಲ್ ಕಾಮಗೆರೆಯ ದಾರಿಗೆ ಸಾಲುತ್ತದೆ. ಬೆನ್ನುನೋವಿನ ಕಾರಣಕ್ಕೆ ಸವಾರಿ ಬಿಡುವ ಯೋಚನೆಯಲ್ಲಿರುವವರು, ರೇಸಿಗೆ ತಯಾರಾಗುವವರು ಮಾತ್ರ ಹಿಂದಿನ ಶಾಕಿಗೆ ಕೈಹಾಕಲಿ; ಅವರಿಗೆ ಅದು ಕೊಟ್ಟ ಬೆಲೆಗೆ ಮೋಸ ಮಾಡುವುದಿಲ್ಲ.